ಎಡಗಡೆ ಕೆಳಗಿನ ಮೂಲೆ

ಬೆಟಗೇರಿಯ ನಮ್ಮ ಕಾಕಾನ ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಪಕ್ಕ ನೂರು ಪುಟದ ಒಂದು ನೋಟ್‌ಬುಕ್ ಇರುತ್ತಿತ್ತು. ಅಲ್ಲಿ ಟೈಪ್ ಮಾಡುತ್ತಿದ್ದ ಅಕ್ಕ ಬರೆದಿಟ್ಟುಕೊಂಡದ್ದು. ಮೊದಲ ಪುಟದಲ್ಲಿ ಹೀಗಿತ್ತು: ‘ಎಡಗಡೆ ಕೆಳಗಿನ ಮೂಲೆ ಒತ್ತು. ಹಸಿರು ಬಾಣದ ಮ್ಯಾಲೆ ಇಡು. ಬಲಕ್ಕ ಪಟ್ಟಿ ತೆರಿತೈತಿ.’ ಆ ಪಟ್ಟಿಯಲ್ಲಿ ನುಡಿ ಎಷ್ಟನೆಯದು, ಪೇಜ್‌ಮೇಕರ್ ಎಷ್ಟನೆಯದು ಎಂಬ ಲೆಕ್ಕ ಅದರ ಕೆಳಗೆ.

ಅಕ್ಕ ಏಳನೇ ಇಯತ್ತೆಗೆ ಶಾಲೆ ಬಿಟ್ಟವರು. ಪರದೆಯ ಮೇಲಿನ ಇಂಗ್ಲಿಷನ್ನು ಅವರು ಓದುತ್ತಿರಲಿಲ್ಲ. ಯಾವುದು ಎಲ್ಲಿದೆ ಎಂಬುದನ್ನು ನೆನಪಿಟ್ಟುಕೊಂಡಿದ್ದರು. ಆ ನೆನಪಿನ ಬಲದ ಮೇಲೆಯೇ ಹತ್ತು ವರ್ಷ ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಹ್ಯಾಂಡ್‌ಬಿಲ್‌ಗಳನ್ನು ಒಂದು ತಪ್ಪಿಲ್ಲದಂತೆ ಮಾಡಿಕೊಟ್ಟಿದ್ದರು.

2012ರ ಅಕ್ಟೋಬರ್ 26ರಂದು ವಿಂಡೋಸ್ 8 ಮಾರುಕಟ್ಟೆಗೆ ಬಂತು. ಮರುವರ್ಷದ ಬೇಸಿಗೆಯಲ್ಲಿ ಕಾಕಾ ಒಂದು ಹೊಸ ಕಂಪ್ಯೂಟರ್ ತಂದರು. ನಾನಾಗ ಹೈಸ್ಕೂಲಿನಲ್ಲಿದ್ದೆ. ತೆರೆದರೆ ಪರದೆಯ ತುಂಬ ಬಣ್ಣಬಣ್ಣದ ಚೌಕಗಳು. ಮೂಲೆಯ ಸ್ಟಾರ್ಟ್ ಗುಂಡಿ ಇರಲಿಲ್ಲ. ಸಂಜೆ ಮನೆಗೆ ಹೊರಟ ಅಕ್ಕನಿಗೆ ಯಂತ್ರ ಬಂದ್ ಮಾಡುವ ದಾರಿಯೂ ಸಿಗಲಿಲ್ಲ. ಕೊನೆಗೆ ಗೋಡೆಯ ಸ್ವಿಚ್ಚನ್ನೇ ಆರಿಸಿದರು. ‘ತಮ್ಮಾ, ನನಗ ಕಂಪ್ಯೂಟರ್ ಮರತೇ ಹೋಗೇತಿ ನೋಡು’ ಎಂದರು.

ಆ ಮಾತು ಆಗ ನನಗೆ ತಟ್ಟಲಿಲ್ಲ. ತಂತ್ರಜ್ಞಾನದ ಬದಲಾವಣೆಗೆ ಜನ ಹೇಗೆ ಸ್ಪಂದಿಸಿದರು ಎಂಬುದರ ದಾಖಲೆಗಳನ್ನು ಓದತೊಡಗಿದ ಮೇಲೆ ಅದು ಮತ್ತೆ ಮತ್ತೆ ನೆನಪಾಗುತ್ತಿದೆ.

ಸ್ಟಾರ್ಟ್ ಗುಂಡಿ ಹುಟ್ಟಿದ್ದು 1995ರ ಆಗಸ್ಟ್ 24ರಂದು, ವಿಂಡೋಸ್ 95ರ ಜೊತೆ. ಅದನ್ನು ಕೊಳ್ಳಲು ಹೊರದೇಶಗಳಲ್ಲಿ ಜನ ನಡುರಾತ್ರಿ ಅಂಗಡಿಗಳ ಮುಂದೆ ಸಾಲು ನಿಂತಿದ್ದರು. ನಮ್ಮ ಕಡೆ ಕಂಪ್ಯೂಟರ್ ಬಂದದ್ದು ಸದ್ದಿಲ್ಲದೆ, ಕೆಲಸದ ಬೆನ್ನು ಹತ್ತಿ. ಮುದ್ರಣ ಕಾಶಿ ಎನಿಸಿಕೊಂಡ ಗದಗಿನಲ್ಲಿ ಮೊಳೆ ಜೋಡಿಸುತ್ತಿದ್ದ ಕೈಗಳು ಕೀಲಿಮಣೆಗೆ ಬಂದವು. ಶಿರಹಟ್ಟಿ, ಮುಂಡರಗಿಯ ರೈತರು ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟು ಕಂಪ್ಯೂಟರ್ ಉತಾರ ಪಡೆಯತೊಡಗಿದರು. ಲಕ್ಷ್ಮೇಶ್ವರದ ಬಜಾರಿನಲ್ಲಿ ಟೈಪಿಂಗ್ ಸೆಂಟರುಗಳು ಬಂದವು. ಪಂಪ ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳುಗನ್ನಡ ಎಂದನಲ್ಲ, ಆ ಪುಲಿಗೆರೆಯೇ ಈ ಲಕ್ಷ್ಮೇಶ್ವರ. ಅಲ್ಲಿ ಕೂಡ ಹಾಳೆಯ ಮೇಲೆ ಬೀಳುವ ಅಕ್ಷರ ಕನ್ನಡದ್ದು, ಅಲ್ಲಿಗೆ ಮುಟ್ಟುವ ದಾರಿ ಇಂಗ್ಲಿಷಿನದು. ಓದಲು ಬಾರದ ದಾರಿಯಲ್ಲಿ ಗುರುತುಗಳೇ ಆಸರೆ. ಆ ಮೂಲೆಯ ಗುಂಡಿ ಅಂಥದೊಂದು ಗುರುತು.

ಅದನ್ನು ತೆಗೆದದ್ದಕ್ಕೆ ಕಾರಣವಿಲ್ಲದೆ ಇರಲಿಲ್ಲ. ಕೈಯಿಂದ ಮುಟ್ಟಿ ನಡೆಸುವ ಫೋನು, ಟ್ಯಾಬ್ಲೆಟ್‌ಗಳ ಕಾಲ ಬಂದಿತ್ತು. 2011ರಲ್ಲಿ ಮೈಕ್ರೋಸಾಫ್ಟ್‌ನ ವಿನ್ಯಾಸಕರು ಬಳಕೆಯ ಅಂಕಿಅಂಶಗಳನ್ನು ಮುಂದಿಟ್ಟು, ವಿಸ್ತಾದಿಂದ ವಿಂಡೋಸ್ 7ಕ್ಕೆ ಬರುವಷ್ಟರಲ್ಲಿ ಸ್ಟಾರ್ಟ್ ಮೆನುವಿನ ಬಳಕೆ ಇಳಿದಿದೆ ಎಂದು ವಿವರಿಸಿದ್ದರು. ಆ ಮಾಹಿತಿ ಕಳಿಸಲು ಒಪ್ಪಿಕೊಂಡಿದ್ದ, ಇಂಟರ್ನೆಟ್ ಇದ್ದ ಯಂತ್ರಗಳಿಂದ ಬಂದದ್ದು. ಕಾಕಾನ ಪ್ರೆಸ್ಸಿನಲ್ಲಿ ಇದ್ದದ್ದು ಇಂಟರ್ನೆಟ್ ಇಲ್ಲದ ಎಕ್ಸ್‌ಪಿ. ಅಕ್ಕ ವಿಸ್ತಾವನ್ನೂ ನೋಡಲಿಲ್ಲ, 7ನ್ನೂ ನೋಡಲಿಲ್ಲ. ಎಕ್ಸ್‌ಪಿಯಿಂದ ನೇರ 8ಕ್ಕೆ ಬಂದರು. ದಿನಕ್ಕೆ ಹತ್ತಾರು ಸಲ ಆ ಮೂಲೆ ಒತ್ತುತ್ತಿದ್ದ ಅವರ ಬೆರಳು ಯಾವ ಅಂಕಿಅಂಶದಲ್ಲೂ ಇರಲಿಲ್ಲ.

ಬಿಡುಗಡೆಯ ನಂತರದ ಗದ್ದಲ ಮಾತ್ರ ಚೆನ್ನಾಗಿ ದಾಖಲಾಗಿದೆ. 2012ರ ನವೆಂಬರಿನಲ್ಲಿ ಬಳಕೆಯ ವಿನ್ಯಾಸದ ತಜ್ಞ ಜೇಕಬ್ ನೀಲ್ಸನ್, ಕಂಪ್ಯೂಟರಿನಲ್ಲಿ ಪಳಗಿದ 12 ಜನರನ್ನು ಕೂರಿಸಿ ಪರೀಕ್ಷಿಸಿ, ಇದು ಹೊಸಬರಿಗೂ ಪಳಗಿದವರಿಗೂ ತೊಡಕಿನದು ಎಂದು ಬರೆದರು. ಹಳೆಯ ಮೆನುವನ್ನು ಮರಳಿ ತರುವ ಕ್ಲಾಸಿಕ್ ಶೆಲ್ ಎಂಬ ಉಚಿತ ತಂತ್ರಾಂಶವನ್ನು ಎಷ್ಟೋ ಜನ ಹಾಕಿಕೊಂಡರು. ಕಂಪನಿಯೂ ಕಿವಿಗೊಟ್ಟಿತು. 2013ರ ಅಕ್ಟೋಬರ್ 17ರಂದು ಬಂದ 8.1ರಲ್ಲಿ ಗುಂಡಿ ಮರಳಿತು, 2015ರ ಜುಲೈ 29ರ ವಿಂಡೋಸ್ 10ರಲ್ಲಿ ಮೆನುವೂ ಮರಳಿತು.

ಅವರೆಲ್ಲ ‘ಇದರ ವಿನ್ಯಾಸ ಸರಿಯಿಲ್ಲ’ ಎಂದರು. ಅಕ್ಕ ‘ನನಗೇ ಬರೂದಿಲ್ಲ’ ಎಂದರು. ತೊಡಕು ಒಂದೇ, ಅದನ್ನು ಹೊತ್ತುಕೊಂಡ ರೀತಿ ಬೇರೆ. ತಪ್ಪು ಯಂತ್ರದ್ದಿರಬಹುದು ಎಂದು ಹೇಳಲು ಒಂದು ಧೈರ್ಯ ಬೇಕು. ಆ ಧೈರ್ಯ ಇಂಗ್ಲಿಷಿನ ಜೊತೆ, ಓದಿನ ಜೊತೆ ಬರುತ್ತದೆ. ಅದಿಲ್ಲದವರು ತಮ್ಮನ್ನೇ ಹಳಿದುಕೊಂಡು ಸುಮ್ಮನಾಗುತ್ತಾರೆ. ಮುಂದೆ ಇತಿಹಾಸ ಬರೆಯುವವರು ಆ ಮೌನವನ್ನು ಒಪ್ಪಿಗೆ ಎಂದು ಓದಿಕೊಳ್ಳುವ ಅಪಾಯವಿದೆ.

ಹಳ್ಳಿ ಕಡೆಯವರಿಗೆ ಹೊಸದೆಂದರೆ ಅಂಜಿಕೆ ಎಂಬ ಮಾತನ್ನು ವಿಚಾರ ಸಂಕಿರಣಗಳಲ್ಲಿ ಈಗಲೂ ಕೇಳುತ್ತೇನೆ. ಇದೇ ಅಕ್ಕ ಎರಡು ವರ್ಷದ ನಂತರ ಟಚ್ ಫೋನ್ ಕೊಂಡರು. ಅದರ ಚೌಕಗಳನ್ನು ಯಾರೂ ಹೇಳಿಕೊಡದೆ ವಾರದೊಳಗೆ ಕಲಿತರು. ಅಲ್ಲಿ ಅವರು ಕೈಬಿಡಬೇಕಾದ ಹಳೆಯ ವಿದ್ಯೆ ಯಾವುದೂ ಇರಲಿಲ್ಲ. ಪ್ರೆಸ್ಸಿನಲ್ಲಿ ಹತ್ತು ವರ್ಷದ ವಿದ್ಯೆ ಒಂದು ಮಧ್ಯಾಹ್ನಕ್ಕೆ ಕೈಜಾರಿತ್ತು.

ಕಾಕಾ ಹಳೆಯ ಯಂತ್ರವನ್ನೇ ಮುಂದುವರಿಸಿದರು. 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಗೆ ಕಂಪನಿಯ ಬೆಂಬಲ ನಿಂತ ಮೇಲೂ ಅದು ನಡೆಯಿತು. 2021ರಲ್ಲಿ ಬಂದ ವಿಂಡೋಸ್ 11 ಸ್ಟಾರ್ಟ್ ಗುಂಡಿಯನ್ನು ಮೂಲೆಯಿಂದ ನಡುವಿಗೆ ಸರಿಸಿತು. ಬೇಕಾದವರು ಎಡಕ್ಕೆ ತಂದುಕೊಳ್ಳಬಹುದು ಎಂಬ ಆಯ್ಕೆಯನ್ನೂ ಇಟ್ಟಿತು. ಆ ಆಯ್ಕೆ ಎಲ್ಲಿದೆ ಎಂದು ಹುಡುಕಲು ಮತ್ತೆ ಇಂಗ್ಲಿಷ್ ಓದಬೇಕು; ಕನ್ನಡದ ಪರದೆಯೂ ಸಿಗುತ್ತದೆ ಎಂದು ತಿಳಿದವರು ನಮ್ಮಲ್ಲಿ ಕಡಿಮೆ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಕ್ಕನಿಂದ ಆ ನೋಟ್‌ಬುಕ್ ಕೇಳಿ ತಂದೆ. ‘ಅದನ್ನೇನ್ ಮಾಡ್ತಿಯೋ ತಮ್ಮಾ, ರದ್ದಿ ಅದು’ ಎಂದು ನಕ್ಕರು. ನನಗೆ ಅದು ದಾಖಲೆ. ಅದರಲ್ಲಿ ‘ಹೊಸ ಕಂಪ್ಯೂಟರ್’ ಎಂದು ತಲೆಬರಹ ಬರೆದ ಒಂದು ಪುಟವಿದೆ. ಅದರ ಕೆಳಗೆ ಏನೂ ಬರೆದಿಲ್ಲ. ಗದಗಿನ ಪ್ರೆಸ್ಸುಗಳಲ್ಲಿ, ಲಕ್ಷ್ಮೇಶ್ವರ, ಮುಂಡರಗಿಯ ಟೈಪಿಂಗ್ ಸೆಂಟರುಗಳಲ್ಲಿ ಇಂಥ ನೋಟ್‌ಬುಕ್ಕುಗಳು ಇನ್ನೂ ಇರಬಹುದು. ನಿಮ್ಮ ಕಣ್ಣಿಗೆ ಬಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.