ಕಿತ್ತೂರಿನ ಸೆರೆಯಾಳು, ನಮ್ಮ ಕಲ್ಲುಗಳ ಬೆನ್ನು ಹತ್ತಿದವನು

ಪ್ರತಿ ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವದ ಸುದ್ದಿ ಮಾಡಲು ಹೋಗುತ್ತೇನೆ. ಭಾಷಣಗಳಲ್ಲಿ ಥ್ಯಾಕರೆ ಹೆಸರು ಹತ್ತು ಸಲ ಬರುತ್ತದೆ. 1824ರ ಅಕ್ಟೋಬರ್ 23ರಂದು ಕೋಟೆಯ ಮುಂದೆ ಸತ್ತ ಧಾರವಾಡದ ಕಲೆಕ್ಟರ್ ಅವನು. ಅವತ್ತು ಚೆನ್ನಮ್ಮನ ಕಡೆಯವರು ಜೀವಂತ ಹಿಡಿದ ಇಬ್ಬರು ಅಧಿಕಾರಿಗಳ ಮಾತು ಮಾತ್ರ ಅಷ್ಟಾಗಿ ಬರುವುದಿಲ್ಲ. ಒಬ್ಬ ಸ್ಟೀವನ್ಸನ್. ಇನ್ನೊಬ್ಬ ವಾಲ್ಟರ್ ಎಲಿಯಟ್, ಸ್ಕಾಟ್ಲೆಂಡಿನವನು, ಆಗ ವಯಸ್ಸು 21.

ಇಬ್ಬರೂ ಸುಮಾರು ಆರು ವಾರ ಸೆರೆಯಲ್ಲಿದ್ದರು. ಡಿಸೆಂಬರ್ ಆರಂಭದಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ನಿಂತಾಗ ರಾಣಿ ಇಬ್ಬರನ್ನೂ ಬಿಟ್ಟುಕೊಟ್ಟರು. ಆದರೂ ಯುದ್ಧ ನಿಲ್ಲಲಿಲ್ಲ, ಕೋಟೆ ಬಿತ್ತು. ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. 1829ರಲ್ಲಿ ಅಲ್ಲೇ ತೀರಿಕೊಂಡರು.

ಬಿಡುಗಡೆಯಾದ ಎಲಿಯಟ್ ಹೆದರಿ ಓಡಿಹೋಗಲಿಲ್ಲ. 1833ರವರೆಗೆ ಇದೇ ಸೀಮೆಯಲ್ಲಿ ನೌಕರಿ ಮಾಡಿದ. ಅಂದರೆ ರಾಣಿ ಸೆರೆಯಲ್ಲಿದ್ದಾಗಲೂ, 1831ರಲ್ಲಿ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ನೇಣಿಗೇರಿಸಿದಾಗಲೂ ಅವನು ಕಂಪನಿಯ ಅಧಿಕಾರಿಯೇ. ಇದನ್ನು ಮರೆತು ಅವನ ಕೊರಳಿಗೆ ಹಾರ ಹಾಕಲು ನನಗೆ ಮನಸ್ಸಿಲ್ಲ.

ಆದರೆ ಅವನು ಮಾಡಿದ ಕೆಲಸವನ್ನೂ ಮುಚ್ಚಿಡುವಂತಿಲ್ಲ. ಗುಡಿಗಳ ಮುಂದೆ, ಕೆರೆ ದಂಡೆಯಲ್ಲಿ ನಿಂತಿದ್ದ ಹಳಗನ್ನಡದ ಶಾಸನಗಳನ್ನು ಹುಡುಕಿ ನಕಲು ಮಾಡಿಸಿದ. ಕಲ್ಲಿನ ಮುಂದೆ ಕೂತು ಅಕ್ಷರ ಬಿಡಿಸಿ ಬರೆದುಕೊಟ್ಟವರು ಇಲ್ಲಿನ ಜನ. ಹೆಸರು ಉಳಿದದ್ದು ಸಾಹೇಬನದು. ಹೀಗೆ ಸೇರಿದ 500ಕ್ಕೂ ಹೆಚ್ಚು ಶಾಸನಗಳ ಕೈಬರಹ ಸಂಪುಟಗಳು ಬ್ರಿಟನ್ನಿಗೆ ಹೋದವು. ಅವುಗಳ ಆಧಾರದ ಮೇಲೆ ಅವನು ಬರೆದ ಲೇಖನ 1837ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಚಾಲುಕ್ಯ ಅರಸರು ಒಬ್ಬರಾದ ಮೇಲೆ ಒಬ್ಬರು ಹೇಗೆ ಆಳಿದರು ಎಂಬ ಸಾಲು ಅದರಲ್ಲಿತ್ತು. ಮುಂದೆ ಸವದತ್ತಿ ರಟ್ಟರ ಶಾಸನಗಳನ್ನು ಪ್ರಕಟಿಸಿದ ಜೆ.ಎಫ್. ಫ್ಲೀಟ್ ಕೂಡ ಎಲಿಯಟ್‌ನ ನಕಲುಗಳನ್ನು ಬಳಸಿಕೊಂಡ.

ಕಲ್ಲಷ್ಟೇ ಅಲ್ಲ. ಈ ಸೀಮೆಯ ಪ್ರಾಣಿಗಳ ಪಟ್ಟಿಯನ್ನೂ ಮಾಡಿ 1839ರಲ್ಲಿ ಪ್ರಕಟಿಸಿದ. ನಮ್ಮ ಜನ ಕರೆಯುವ ಹೆಸರುಗಳನ್ನೂ ಅದರಲ್ಲಿ ಸೇರಿಸಿದ. ಪೊದೆಯಲ್ಲಿ ಇರುವ ಒಂದು ಇಲಿಯ ವೈಜ್ಞಾನಿಕ ಹೆಸರಿನಲ್ಲಿ ಎಲಿಯಟ್ ಇವತ್ತಿಗೂ ಇದ್ದಾನೆ! ಮುಪ್ಪಿನಲ್ಲಿ ಕಣ್ಣು ಹೋದ ಮೇಲೂ ದಕ್ಷಿಣ ಭಾರತದ ನಾಣ್ಯಗಳ ಬಗ್ಗೆ ಬೇರೆಯವರಿಂದ ಬರೆಸಿ ಪುಸ್ತಕ ಮಾಡಿದ. 1887ರಲ್ಲಿ ತೀರಿಕೊಂಡ.

ಹೋದ ವರ್ಷ ಸವದತ್ತಿ ತಾಲೂಕಿನ ಒಂದು ಊರಿನಲ್ಲಿ ಗುಡಿಯ ಪಕ್ಕದ ಶಾಸನಕ್ಕೆ ದಪ್ಪಗೆ ಎಣ್ಣೆ ಬಣ್ಣ ಬಳಿದಿದ್ದರು. ಏನು ಬರೆದಿದೆ ಎಂದು ಅಲ್ಲಿ ಕೂತಿದ್ದ ಅಜ್ಜನನ್ನು ಕೇಳಿದೆ.

“ಓದಾಕ ಯಾರಿಗಿ ಬರತೈತ್ರಿ? ಅಮಾಸಿಗೆ ಕಾಯಿ ಒಡಿತೀವಿ,” ಎಂದ ಅಜ್ಜ. ಆಮೇಲೆ ತಾನೇ ಎದ್ದು ಬಂದು, ನನ್ನ ಜೊತೆ ಉಗುರಿನಿಂದ ಬಣ್ಣ ಕೆರೆಯತೊಡಗಿದ.