ಇಂಕ್‌ಸ್ಕೇಪ್‌ನ ತ್ರಿಡಿ ಪೆಟ್ಟಿಗೆ ಸಾಧನ

ಮುಕ್ತ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲಿ ಪರ್ಸ್ಪೆಕ್ಟಿವ್ ನಿಯಮದಂತೆ ಪೆಟ್ಟಿಗೆ ಬಿಡಿಸುವ ಸಾಧನ. 2008ರ 0.46 ಆವೃತ್ತಿಯಲ್ಲಿ ಮೊದಲು ಬಂತು. ಕಟ್ಟಡ, ಪೀಠೋಪಕರಣ, ಪೊಟ್ಟಣಗಳ ಚಿತ್ರಕ್ಕೆ ಬಳಕೆ.

ವಿನ್ಯಾಸದ ತಿರುಳು ಲಯಬಿಂದುಗಳಲ್ಲಿದೆ. ವಾಸ್ತವದಲ್ಲಿ ಸಮಾಂತರವಾದ ಅಂಚುಗಳು ಚಿತ್ರದಲ್ಲಿ ಕೂಡಿಕೊಳ್ಳುವ ಜಾಗವೇ ಲಯಬಿಂದು. ಎಕ್ಸ್, ವೈ, ಝಡ್ ದಿಕ್ಕುಗಳಿಗೆ ಒಂದೊಂದು. ಪ್ರತಿ ಬಿಂದುವನ್ನೂ ಪುಟದ ಮೇಲೆ ಇರಿಸಬಹುದು ಅಥವಾ ಅನಂತಕ್ಕೆ ತಳ್ಳಬಹುದು; ತಳ್ಳಿದರೆ ಆ ದಿಕ್ಕಿನ ಅಂಚುಗಳು ಸಮಾಂತರವಾಗಿಯೇ ಉಳಿಯುತ್ತವೆ. ಆರಂಭದಲ್ಲಿ ವೈ ಬಿಂದು ಅನಂತದಲ್ಲಿರುವುದರಿಂದ ಗೋಡೆಗಳು ನೆಟ್ಟಗೆ ನಿಲ್ಲುತ್ತವೆ. ಶಿಫ್ಟ್ ಜತೆ ಎಕ್ಸ್, ವೈ ಅಥವಾ ಝಡ್ ಕೀಲಿ ಒತ್ತಿದರೆ ಆ ದಿಕ್ಕಿನ ಬಿಂದುವಿನ ಸ್ಥಿತಿ ಬದಲಾಗುತ್ತದೆ. ಒಂದೇ ಪರ್ಸ್ಪೆಕ್ಟಿವ್ ಹಂಚಿಕೊಂಡ ಪೆಟ್ಟಿಗೆಗಳಿದ್ದರೆ, ಒಂದು ಲಯಬಿಂದುವನ್ನು ಎಳೆದೊಡನೆ ಅವುಗಳಿಂದ ಬಿಡಿಸಿದ ಇಡೀ ಬೀದಿಯ ಮನೆಗಳು ಒಟ್ಟಿಗೆ ಹೊರಳುತ್ತವೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಪೆಟ್ಟಿಗೆಯ ಮೂಲೆಗಳಲ್ಲಿ ಎಳೆಯಲು ಇರುವ ಎಂಟು ಹಿಡಿಗಳಲ್ಲಿ ನಾಲ್ಕು ಎಕ್ಸ್-ವೈ ತಲದಲ್ಲಿ ಸರಿಯುತ್ತವೆ, ಉಳಿದವು ಝಡ್ ದಿಕ್ಕಿನಲ್ಲಿ. ಮೌಸ್ ಎರಡೇ ಆಯಾಮಗಳಲ್ಲಿ ಚಲಿಸುವುದರಿಂದ ಈ ವಿಂಗಡಣೆ ಅನಿವಾರ್ಯ. ಶಿಫ್ಟ್ ಒತ್ತಿದರೆ ಪಾತ್ರ ಅದಲುಬದಲು.

ಇಂಕ್‌ಸ್ಕೇಪ್ ಚಿತ್ರ ಉಳಿಸುವ ಎಸ್‌ವಿಜಿ ಕಡತಮಾದರಿಯಲ್ಲಿ ಮೂರನೆಯ ಆಯಾಮವಿಲ್ಲ. ಆದ್ದರಿಂದ ಪೆಟ್ಟಿಗೆಯು ಆರು ಮುಖಗಳ ಗುಂಪಾಗಿ ಉಳಿಯುತ್ತದೆ. ಮೂಲೆಗಳ ಸ್ಥಾನ ಮತ್ತು ಲಯಬಿಂದುಗಳು ಇಂಕ್‌ಸ್ಕೇಪ್‌ನ ಸ್ವಂತ ಟಿಪ್ಪಣಿಗಳಾಗಿ ಕಡತ ಸೇರುತ್ತವೆ. ಬ್ರೌಸರ್‌ಗಳು ಅವನ್ನು ಗಣಿಸದೆ ಮುಖಗಳನ್ನಷ್ಟೇ ತೋರಿಸುತ್ತವೆ. ಮುಖಗಳಿಗೆ ಬೇರೆ ಬೇರೆ ಬಣ್ಣ ತುಂಬಬಹುದು. ಪೆಟ್ಟಿಗೆಯನ್ನು ಸಾಮಾನ್ಯ ಗುಂಪಾಗಿ ಪರಿವರ್ತಿಸಿದ ಮೇಲೆ ಲಯಬಿಂದುಗಳ ನಂಟು ಕಡಿದುಹೋಗುತ್ತದೆ.