ಊರಿನ ಗ್ರಂಥಾಲಯ ಸುಧಾರಿಸಬೇಕಾ? ಮೊದಲು ಕಂದಾಯ ರಸೀದಿ ತೆಗೆದು ನೋಡಿ

ಮನೆ ಅಥವಾ ಅಂಗಡಿ ಕಂದಾಯ ಕಟ್ಟಿದ ರಸೀದಿ ಇದ್ದರೆ ಒಮ್ಮೆ ತೆಗೆದು ನೋಡಿ. ತೆರಿಗೆ ಮೊತ್ತದ ಜೊತೆ ಆರೋಗ್ಯ ಕರ, ಭಿಕ್ಷುಕರ ಕರ ಅಂತ ಸಾಲುಗಳಿರುತ್ತವೆ. ಅವುಗಳ ಜೊತೆಗೇ ಗ್ರಂಥಾಲಯ ಕರ ಅಂತ ಇನ್ನೊಂದು ಸಾಲು. ಇದು ತೆರಿಗೆಯ ಶೇ 6ರಷ್ಟು, ಅಂದರೆ ರೂಪಾಯಿಗೆ 6 ಪೈಸೆ. ವರ್ಷಕ್ಕೆ 5,000 ರೂಪಾಯಿ ತೆರಿಗೆ ಕಟ್ಟುವ ಅಂಗಡಿಯವರು ಅದರ ಮೇಲೆ 300 ರೂಪಾಯಿ ಗ್ರಂಥಾಲಯಕ್ಕೆಂದೇ ಕೊಡ್ತಿದ್ದಾರೆ.

ಹೀಗೆ ದುಡ್ಡು ಕೊಡುವ ಎಷ್ಟೋ ಜನಕ್ಕೆ ಊರಿನ ಗ್ರಂಥಾಲಯ ಎಲ್ಲಿದೆ, ಎಷ್ಟು ಹೊತ್ತಿಗೆ ಬಾಗಿಲು ತೆಗೀತಾರೆ ಅನ್ನೋದೇ ಗೊತ್ತಿಲ್ಲ. ಗ್ರಂಥಾಲಯ ಸುಧಾರಿಸಬೇಕು ಅಂತ ಎಲ್ಲರೂ ಹೇಳ್ತಾರೆ. ಯಾರನ್ನು ಕೇಳಬೇಕು, ಏನಂತ ಕೇಳಬೇಕು ಅನ್ನುವಲ್ಲಿ ಮಾತು ನಿಂತುಹೋಗುತ್ತದೆ. ಆನೇಕಲ್, ಬೆಂಗಳೂರು ಪೂರ್ವ, ಉತ್ತರ ತಾಲ್ಲೂಕುಗಳ ಓದುಗರಿಗೆ ಅನುಕೂಲವಾಗಲಿ ಅಂತ ಆ ವಿವರಗಳನ್ನು ಇಲ್ಲಿ ಒಟ್ಟಿಗೆ ಕೊಟ್ಟಿದ್ದೇವೆ.

ಕಾನೂನು ಏನು ಹೇಳುತ್ತೆ?

ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಕ್ಕೆ ಕಾನೂನಿನ ಬಲ ಸಿಕ್ಕಿದ್ದು 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಿಂದ. ಗ್ರಂಥಾಲಯ ಕರ ಬಂದದ್ದೂ ಇದೇ ಕಾಯ್ದೆಯಿಂದ. ಗ್ರಂಥಾಲಯ ಅನ್ನೋದು ದಾನಿಗಳ ಕೃಪೆಯಲ್ಲಿ ನಡೆಯುವ ಕೆಲಸ ಅಲ್ಲ, ನೀರು, ಬೀದಿದೀಪದ ಹಾಗೆ ಜನರ ತೆರಿಗೆಯಲ್ಲಿ ನಡೆಯಬೇಕಾದ ಸೇವೆ ಅನ್ನೋದೇ ಇದರ ಅರ್ಥ. ಸಂವಿಧಾನದ 73ನೇ ತಿದ್ದುಪಡಿಯ ಜೊತೆ ಬಂದ 11ನೇ ಅನುಸೂಚಿಯಲ್ಲೂ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯಲ್ಲಿ ಗ್ರಂಥಾಲಯ ಇದೆ.

ಮೊದಲು ಹಳ್ಳಿಯ ಗ್ರಂಥಾಲಯಗಳೂ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಕೈಯಲ್ಲೇ ಇದ್ದವು. 2019ರಲ್ಲಿ ಸರ್ಕಾರ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಿತು. ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತು. ಅದರಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಆಮೇಲೆ ಈ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಅಂತ ಹೆಸರಾಯಿತು. ಬೋರ್ಡು ಬದಲಾಗಿರುವುದನ್ನು ನೋಡಿ ಗ್ರಂಥಾಲಯ ಮುಚ್ಚಿಹೋಯ್ತು ಅಂದುಕೊಳ್ಳಬೇಡಿ.

ನಿಮ್ಮೂರಿನ ಗ್ರಂಥಾಲಯ ಯಾರ ಕೈಯಲ್ಲಿದೆ?

ನಮ್ಮ ಭಾಗದಲ್ಲಿ ನಿಜವಾದ ತೊಡಕು ಇರುವುದು ಇಲ್ಲಿ. ಬೇರೆ ಜಿಲ್ಲೆಯಲ್ಲಿ ಹಳ್ಳಿ ಅಂದರೆ ಹಳ್ಳಿ. ಇಲ್ಲಿ ಹಾಗಲ್ಲ. 2007ರಲ್ಲಿ ಬಿಬಿಎಂಪಿ ಆದಾಗ ಮಹದೇವಪುರ, ಬೊಮ್ಮನಹಳ್ಳಿ, ದಾಸರಹಳ್ಳಿಯಂಥ ನಗರಸಭೆಗಳೂ ನೂರಕ್ಕೂ ಹೆಚ್ಚು ಹಳ್ಳಿಗಳೂ ನಗರಕ್ಕೆ ಸೇರಿದವು. ವೈಟ್‌ಫೀಲ್ಡ್, ಪೀಣ್ಯ ನಗರದ ಒಳಗಾದವು. ಆನೇಕಲ್ ತಾಲ್ಲೂಕಿನಲ್ಲಿ ಹೆಬ್ಬಗೋಡಿ ನಗರಸಭೆಯಾಯಿತು. ಬೊಮ್ಮಸಂದ್ರ, ಚಂದಾಪುರ, ಜಿಗಣಿ, ಅತ್ತಿಬೆಲೆ ಪುರಸಭೆಗಳಾದವು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದವು. ಜನರ ಬಾಯಲ್ಲಿ ಇವತ್ತಿಗೂ ‘ನಮ್ಮ ಹಳ್ಳಿ’ ಆಗಿರುವ ಊರು ಕಾಗದದಲ್ಲಿ ಪಟ್ಟಣ ಆಗಿರುತ್ತದೆ.

ಹಾಗಾಗಿ ಮೊದಲು ರಸೀದಿಯ ಮೇಲೆ ಯಾವ ಸಂಸ್ಥೆಯ ಹೆಸರಿದೆ ನೋಡಿ. ಕೇಳಬೇಕಾದ ಕಚೇರಿ ಅದರಿಂದಲೇ ತಿಳಿಯುತ್ತೆ.

ರಸೀದಿ ಗ್ರಾಮ ಪಂಚಾಯಿತಿಯದ್ದಾದರೆ: ಗ್ರಂಥಾಲಯ ಪಂಚಾಯಿತಿಯ ಹೊಣೆ. ಪಿಡಿಒ ಅವರನ್ನು ಕೇಳಿ. ಅವರ ಮೇಲೆ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿ, ಆಮೇಲೆ ಜಿಲ್ಲಾ ಪಂಚಾಯಿತಿ.

ರಸೀದಿ ಪುರಸಭೆ ಅಥವಾ ನಗರಸಭೆಯದ್ದಾದರೆ: ಕರ ವಸೂಲಿ ಮಾಡುವುದು ಸ್ಥಳೀಯ ಸಂಸ್ಥೆ, ಗ್ರಂಥಾಲಯ ನಡೆಸುವುದು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಜಿಲ್ಲಾ ಕೇಂದ್ರ ಗ್ರಂಥಾಲಯ. ಎರಡೂ ಕಡೆ ಕೇಳಬೇಕು.

ರಸೀದಿ ನಗರ ಪಾಲಿಕೆಯದ್ದಾದರೆ: ಕರ ವಸೂಲಿ ಪಾಲಿಕೆಯದ್ದು, ಶಾಖಾ ಗ್ರಂಥಾಲಯ ನಗರ ಕೇಂದ್ರ ಗ್ರಂಥಾಲಯದ್ದು. ನಿಮ್ಮ ವಲಯದ ಉಪನಿರ್ದೇಶಕರ ಕಚೇರಿಗೆ ಅರ್ಜಿ ಹೋಗಬೇಕು.

ಎರಡನೆಯ, ಮೂರನೆಯ ಕಡೆ ಕಷ್ಟ ಜಾಸ್ತಿ. ವಸೂಲಾದ ಕರ ಗ್ರಂಥಾಲಯ ಇಲಾಖೆಗೆ ತಲುಪಬೇಕು. ಬಿಬಿಎಂಪಿ ಕಾಲದಲ್ಲಿ ನೂರಾರು ಕೋಟಿ ರೂಪಾಯಿ ಬಾಕಿ ಉಳಿದಿದ್ದು ಸುದ್ದಿಯಾಗಿದ್ದು ನೆನಪಿರಬಹುದು. ಪಂಚಾಯಿತಿಯಲ್ಲಿ ಹಾಗಲ್ಲ, ವಸೂಲಿ ಮಾಡುವವರೂ ಗ್ರಂಥಾಲಯ ನಡೆಸುವವರೂ ಒಬ್ಬರೇ. ಹಾಗಾಗಿ ಪಂಚಾಯಿತಿ ಊರಿನವರು ಕೇಳೋದು ಸುಲಭ, ಉತ್ತರ ಸಿಗೋದೂ ಸುಲಭ.

ಜನ ಏನು ಕೇಳ್ತಾರೆ?

ಗ್ರಂಥಾಲಯದ ಮಾತು ತೆಗೆದರೆ ಈ ಭಾಗದ ಊರುಗಳಲ್ಲಿ ಬೇಡಿಕೆಗಳು ಸುತ್ತಿ ಬಳಸಿ ಇವೇ.

ಮೊದಲನೆಯದು ವೇಳೆ. ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬರುವವರಿಗೆ, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿಗೆ, ಸಂಜೆ ಶಾಲೆ ಬಿಟ್ಟು ಬರುವ ಮಕ್ಕಳಿಗೆ ಕಚೇರಿ ವೇಳೆಯಲ್ಲಿ ಮಾತ್ರ ತೆರೆಯುವ ಗ್ರಂಥಾಲಯದಿಂದ ಪ್ರಯೋಜನ ಇಲ್ಲ. ಸಂಜೆ ಎಂಟರವರೆಗೆ ಬಾಗಿಲು ತೆಗೆದಿರಲಿ ಅನ್ನೋದು ದೊಡ್ಡ ಬೇಡಿಕೆ. ಇಲಾಖೆಯ ಗ್ರಂಥಾಲಯಗಳಿಗೆ ವಾಡಿಕೆಯಂತೆ ವಾರದ ರಜೆ ಸೋಮವಾರ, ಭಾನುವಾರ ತೆರೆದಿರುತ್ತವೆ. ಈ ವಿಷಯ ಗೊತ್ತಿಲ್ಲದೆ ಎಷ್ಟೋ ಜನ ಭಾನುವಾರ ಅತ್ತ ಹೋಗೋದೇ ಇಲ್ಲ. ವೇಳಾಪಟ್ಟಿ ಬಾಗಿಲ ಮೇಲೆ ದೊಡ್ಡದಾಗಿ ಬರೆಸಿದರೆ ಅರ್ಧ ಕೆಲಸ ಆದ ಹಾಗೆ.

ಎರಡನೆಯದು ಕೂರಲು ಜಾಗ. ಇದನ್ನು ಹಗುರವಾಗಿ ನೋಡುವ ಹಾಗಿಲ್ಲ. ಶೀಟ್ ಮನೆಯ ಒಂದೇ ಕೋಣೆಯಲ್ಲಿ ನಾಲ್ಕೈದು ಜನ ಬಾಡಿಗೆಗಿರುವ ಕುಟುಂಬಗಳು ನಮ್ಮ ಕೈಗಾರಿಕಾ ಪ್ರದೇಶದ ಸುತ್ತ ಎಷ್ಟಿವೆ ಅಂತ ಎಲ್ಲರಿಗೂ ಗೊತ್ತು. ರಾತ್ರಿ ಪಾಳಿ ಮಾಡಿ ಬಂದ ಅಪ್ಪ ಹಗಲು ಮಲಗಿದ್ದರೆ ಮಗು ಹೋಂವರ್ಕ್ ಮಾಡುವುದೆಲ್ಲಿ? ಎಸ್ಸೆಸ್ಸೆಲ್ಸಿ, ಪಿಯುಸಿ ಓದುವವರು, ಪೊಲೀಸ್, ಕೆಪಿಎಸ್‌ಸಿ, ಬ್ಯಾಂಕ್ ಪರೀಕ್ಷೆಗೆ ತಯಾರಾಗುವವರು ದುಡ್ಡು ಕೊಟ್ಟು ಖಾಸಗಿ ಸ್ಟಡಿ ರೂಮಿಗೆ ಹೋಗಬೇಕಾಗಿದೆ. ಆ ದುಡ್ಡಿಲ್ಲದವರಿಗೆ ಊರಿನ ಗ್ರಂಥಾಲಯದ ಒಂದು ಕುರ್ಚಿ, ಒಂದು ಟ್ಯೂಬ್‌ಲೈಟ್ ಬಿಟ್ಟರೆ ಬೇರೆ ದಾರಿ ಇಲ್ಲ.

ಮೂರನೆಯದು ಪುಸ್ತಕ. ಸ್ಪರ್ಧಾತ್ಮಕ ಪರೀಕ್ಷೆಗೆ ಐದು ವರ್ಷ ಹಳೆಯ ಪುಸ್ತಕ ಓದಿದರೆ ಏನೂ ಉಪಯೋಗ ಇಲ್ಲ. ಮಕ್ಕಳ ಕಥೆ ಪುಸ್ತಕ ಬೀರುವಿನಲ್ಲಿ ಬೀಗ ಹಾಕಿಟ್ಟರೂ ಅಷ್ಟೇ. ದಿನಪತ್ರಿಕೆ ನಿಂತುಹೋಗಿದೆ ಅನ್ನೋ ದೂರೂ ಕೇಳುತ್ತೇವೆ. ಒಂದು ಪತ್ರಿಕೆಗೆ ದಿನಕ್ಕೆ 8 ರೂಪಾಯಿ ಅಂತ ಇಟ್ಟುಕೊಂಡರೂ ಐದು ಪತ್ರಿಕೆಗೆ ತಿಂಗಳಿಗೆ 1,200 ರೂಪಾಯಿ. ಇಷ್ಟಕ್ಕೆ ದುಡ್ಡಿಲ್ಲ ಅನ್ನುವ ಪಂಚಾಯಿತಿ ಈ ಭಾಗದಲ್ಲಿ ಇರಲಿಕ್ಕಿಲ್ಲ.

ನಾಲ್ಕನೆಯದು ಶೌಚಾಲಯ, ಕುಡಿಯುವ ನೀರು, ಇಳಿಜಾರು ದಾರಿ. ಶೌಚಾಲಯ ಇಲ್ಲದ ಕಡೆ ಹೆಣ್ಣುಮಕ್ಕಳು ಅರ್ಧ ಗಂಟೆಗಿಂತ ಹೆಚ್ಚು ಕೂರೋದಿಲ್ಲ. ಮೆಟ್ಟಿಲು ಹತ್ತಲಾಗದ ಹಿರಿಯರು, ಅಂಗವಿಕಲರು ಬಾಗಿಲಿಂದಲೇ ವಾಪಸ್ ಹೋಗ್ತಾರೆ.

ಭಿನ್ನಾಭಿಪ್ರಾಯಗಳೂ ಇವೆ. ಕಂಪ್ಯೂಟರ್ ಇಡಿ ಅನ್ನುವವರಿಗೆ, ಮೊಬೈಲ್ ಸಾಲದು ಅಂತ ಇಲ್ಲೂ ಸ್ಕ್ರೀನಾ ಅನ್ನುವವರು ಎದುರಾಗ್ತಾರೆ. ಕನ್ನಡ ಪುಸ್ತಕ ಮಾತ್ರ ಸಾಕು ಅನ್ನುವವರಿದ್ದಾರೆ, ತೆಲುಗು, ತಮಿಳು, ಹಿಂದಿ ಮನೆಮಾತಿನ ಕಾರ್ಮಿಕರ ಮಕ್ಕಳನ್ನೂ ಕರೆತರಬೇಕು ಅನ್ನುವವರೂ ಇದ್ದಾರೆ. ಕನ್ನಡ ಕಲಿಯುವ ಸರಳ ಪುಸ್ತಕ, ಚಿತ್ರದ ಪುಸ್ತಕ ಇಟ್ಟರೆ ಇಬ್ಬರ ಮಾತೂ ನಡೆಯುತ್ತೆ. ಮಕ್ಕಳ ಗಲಾಟೆಗೂ ಪರೀಕ್ಷೆ ಓದುವವರಿಗೂ ಆಗಿಬರಲ್ಲ. ಎರಡು ಕೋಣೆ ಇಲ್ಲದಿದ್ದರೆ ಶಾಲೆ ಬಿಟ್ಟ ಮೇಲಿನ ಎರಡು ಗಂಟೆ ಮಕ್ಕಳಿಗೆ, ಆಮೇಲೆ ದೊಡ್ಡವರಿಗೆ ಅಂತ ಹಂಚಿಕೊಳ್ಳಬಹುದು.

ದುಡ್ಡು ಎಲ್ಲಿಂದ?

ಲೆಕ್ಕ ಸರಳ. ಒಂದು ಪಂಚಾಯಿತಿಯ ವರ್ಷದ ಆಸ್ತಿ ತೆರಿಗೆ ವಸೂಲಿ 50 ಲಕ್ಷ ರೂಪಾಯಿ ಅಂತಿಟ್ಟುಕೊಳ್ಳಿ. ಅದರ ಶೇ 6 ಅಂದರೆ 3 ಲಕ್ಷ. ಗೋದಾಮು, ಅಪಾರ್ಟ್‌ಮೆಂಟ್, ಕಾರ್ಖಾನೆ ಹೆಚ್ಚಿದಷ್ಟೂ ಇದು ಹೆಚ್ಚುತ್ತೆ. ಬರೀ ಹೊಲ, ಮನೆ ಇರುವ ದೂರದ ಜಿಲ್ಲೆಯ ಪಂಚಾಯಿತಿಗೆ ಇಲ್ಲದ ಅನುಕೂಲ ನಮ್ಮ ಕಡೆ ಇದೆ. ವಸೂಲಿ ಎಷ್ಟಾಯಿತು, ಅದರಲ್ಲಿ ಗ್ರಂಥಾಲಯಕ್ಕೆ ಖರ್ಚಾಗಿದ್ದೆಷ್ಟು ಅನ್ನುವ ಎರಡು ಅಂಕಿ ಕೈಯಲ್ಲಿದ್ದರೆ ಸಭೆಯಲ್ಲಿ ಮಾತಾಡೋಕೆ ಅಷ್ಟು ಸಾಕು.

ಎರಡನೆಯ ದಾರಿ ಕಂಪನಿಗಳ ಸಿಎಸ್‌ಆರ್. 2013ರ ಕಂಪನಿ ಕಾಯ್ದೆಯ ಪ್ರಕಾರ ನಿಗದಿತ ಮಿತಿ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಆ ಕಾಯ್ದೆಯ 7ನೇ ಅನುಸೂಚಿಯಲ್ಲಿ ಸಾರ್ವಜನಿಕ ಗ್ರಂಥಾಲಯ ಸ್ಥಾಪನೆಯ ಹೆಸರು ಸ್ಪಷ್ಟವಾಗಿದೆ. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಸುತ್ತಮುತ್ತ ಇಂಥ ಕಂಪನಿಗಳಿಗೆ ಬರ ಇಲ್ಲ. ಬರೀ ಬಾಯಿಮಾತಲ್ಲಿ ಕೇಳುವುದಕ್ಕಿಂತ ಪಂಚಾಯಿತಿಯ ನಿರ್ಣಯ, ಬೇಕಾದ ಸಾಮಾನಿನ ಪಟ್ಟಿ, ಅಂದಾಜು ವೆಚ್ಚ ಇಟ್ಟುಕೊಂಡು ಹೋದರೆ ಒಪ್ಪುವ ಸಾಧ್ಯತೆ ಹೆಚ್ಚು. ಕಟ್ಟಡಕ್ಕೆ ಕಂಪನಿ ದುಡ್ಡು ಕೊಟ್ಟರೂ ಕರೆಂಟು ಬಿಲ್, ಪತ್ರಿಕೆ, ಹೊಸ ಪುಸ್ತಕಕ್ಕೆ ವರ್ಷ ವರ್ಷ ಬೇಕಾಗುವುದು ಗ್ರಂಥಾಲಯ ಕರದ ದುಡ್ಡೇ. ಇದನ್ನು ಮರೆತ ಕಡೆ ಉದ್ಘಾಟನೆಯ ಫೋಟೊ ಮಾತ್ರ ಉಳಿದಿರುತ್ತೆ.

ಮೂರನೆಯದು ಪುಸ್ತಕ ದಾನ. ‘ಪುಸ್ತಕ ಜೋಳಿಗೆ’ ಹೆಸರಲ್ಲಿ ಪಂಚಾಯಿತಿಗಳು ಮನೆಮನೆಯಿಂದ ಪುಸ್ತಕ ಸಂಗ್ರಹಿಸಿದ್ದುಂಟು. ಅಪಾರ್ಟ್‌ಮೆಂಟಿನವರು ಕೊಡುವ ಮಕ್ಕಳ ಪುಸ್ತಕ ಒಳ್ಳೆಯ ಸ್ಥಿತಿಯಲ್ಲಿರುತ್ತವೆ. ಹಳೇ ಗೈಡು, ಹರಿದ ಪಠ್ಯಪುಸ್ತಕ ತಂದು ಸುರಿದರೆ ಮಾತ್ರ ಬೀರು ತುಂಬುತ್ತೆ, ಓದುಗರು ಬರಲ್ಲ.

ಕೇಳುವುದು ಹೇಗೆ?

1. ಮೊದಲು ಗ್ರಂಥಾಲಯಕ್ಕೆ ಹೋಗಿ ಸದಸ್ಯರಾಗಿ. ಮೇಲ್ವಿಚಾರಕರ ಜೊತೆ ಮಾತಾಡಿ. ತೊಂದರೆ ಏನು ಅಂತ ಅವರಿಗಿಂತ ಚೆನ್ನಾಗಿ ಗೊತ್ತಿರುವವರು ಇಲ್ಲ. ಎಷ್ಟೋ ಕಡೆ ಗುಡಿಸುವುದರಿಂದ ಪುಸ್ತಕ ದಾಖಲೆವರೆಗೆ ಎಲ್ಲ ಒಬ್ಬರೇ ಮಾಡ್ತಿರ್ತಾರೆ. ಅವರ ಮೇಲೆ ಕೂಗಾಡಿ ಪ್ರಯೋಜನ ಇಲ್ಲ.

2. ವಾರ್ಡ್ ಸಭೆ, ಗ್ರಾಮ ಸಭೆಗೆ ಹೋಗಿ. ಎರಡು ಗ್ರಾಮ ಸಭೆಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರುವ ಹಾಗಿಲ್ಲ. ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಗ್ರಾಮ ಸಭೆಯ ಸದಸ್ಯರು. ಬೇಡಿಕೆಯನ್ನು ಬರವಣಿಗೆಯಲ್ಲಿ ಕೊಡಿ, ನಡಾವಳಿಯಲ್ಲಿ ಬರೆಸಿ, ಮುಂದಿನ ಕ್ರಿಯಾ ಯೋಜನೆಯಲ್ಲಿ ಸೇರಿಸಲು ಕೇಳಿ. ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳೇ ಕೇಳಿದರೆ ಇಲ್ಲ ಅನ್ನೋದು ಕಷ್ಟ.

3. ಲೆಕ್ಕ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದವರಿಗೆ ಉಚಿತ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಕೊಡಬೇಕು. ಅರ್ಜಿಯಲ್ಲಿ ಇಷ್ಟು ಬರೆದರೆ ಸಾಕು: “ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ನಮ್ಮ ಪಂಚಾಯಿತಿ ವಸೂಲಿ ಮಾಡಿದ ಗ್ರಂಥಾಲಯ ಕರದ ಮೊತ್ತ, ಅದರಲ್ಲಿ ಗ್ರಂಥಾಲಯಕ್ಕೆ ಖರ್ಚಾದ ಮೊತ್ತ ಮತ್ತು ಉಳಿಕೆಯ ವಿವರವನ್ನು ವರ್ಷವಾರು ನೀಡಿ.” ಪುರಸಭೆ, ಪಾಲಿಕೆಯವರು ‘ಖರ್ಚಾದ ಮೊತ್ತ’ದ ಜಾಗದಲ್ಲಿ ‘ಗ್ರಂಥಾಲಯ ಇಲಾಖೆಗೆ ಪಾವತಿಸಿದ ಮೊತ್ತ’ ಅಂತ ಕೇಳಬೇಕು.

4. ಅಂಗಡಿಯವರು ಒಂದಾಗಿ ಕೇಳಿ. ಮುಖ್ಯರಸ್ತೆಯ ಹತ್ತು ಅಂಗಡಿಯವರು ತಮ್ಮ ರಸೀದಿಗಳ ನಕಲು ಲಗತ್ತಿಸಿ ಒಂದೇ ಮನವಿ ಕೊಟ್ಟರೆ ಅದರ ತೂಕವೇ ಬೇರೆ.

ಅಲ್ಲಿಯವರೆಗೆ ಕಾಯಬೇಕಿಲ್ಲ. 2020ರಲ್ಲಿ ಶುರುವಾದ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯಕ್ಕೆ ಮೊಬೈಲ್‌ನಲ್ಲೇ ಉಚಿತವಾಗಿ ಸದಸ್ಯರಾಗಬಹುದು. ಆದರೆ ಒಂದೇ ಫೋನನ್ನು ಮನೆಮಂದಿಯೆಲ್ಲ ಹಂಚಿಕೊಳ್ಳುವ ಕಡೆ ಅದು ಗ್ರಂಥಾಲಯದ ಜಾಗ ತುಂಬಲ್ಲ.

ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲೇ. 1931ರಲ್ಲಿ ಅವರು ಬರೆದ ಐದು ಸೂತ್ರಗಳಲ್ಲಿ ಮೊದಲನೆಯದರ ಸಾರ ಇಷ್ಟೇ: ಪುಸ್ತಕ ಇರುವುದು ಬಳಸಲಿಕ್ಕೆ, ಬೀಗ ಹಾಕಿಡಲಿಕ್ಕಲ್ಲ. ಮುಂದಿನ ಸಲ ಕಂದಾಯ ಕಟ್ಟಿದ ದಿನ ರಸೀದಿ ಜೇಬಲ್ಲಿಟ್ಟುಕೊಂಡು ಹಾಗೇ ಗ್ರಂಥಾಲಯದ ಕಡೆ ಹೋಗಿಬನ್ನಿ. ಬಾಗಿಲು ತೆಗೆದಿದೆಯಾ, ಒಳಗೆ ಎಷ್ಟು ಕುರ್ಚಿ ಇದೆ, ಇವತ್ತಿನ ಪೇಪರ್ ಬಂದಿದೆಯಾ ನೋಡಿ. ಗ್ರಾಮ ಸಭೆಯಲ್ಲಿ ಮಾತಾಡಲು ಅಲ್ಲಿಂದಲೇ ಶುರು ಮಾಡಬಹುದು.